ಹೃದ್ರೋಗ ಚಿಕಿತ್ಸೆಯಲ್ಲಿ ವಿವೇಚನೆ: ಸುರಕ್ಷತೆ, ಫಲ, ವೆಚ್ಚ

(ಶ್ರೀಮಠದ ಡೊಂಬಿವಲಿ ಶಾಖೆಯಲ್ಲಿ ಭಕ್ತಕುಟುಂಬಗಳ ಸಮ್ಮುಖದಲ್ಲಿ ನೀಡಿದ ಉಪನ್ಯಾಸದ ಲಿಖಿತರೂಪ)

 



ಈ ವೇದಿಕೆಯಿಂದ ತಾವು ಇದುವರೆಗೆ ವಿದ್ವಾಂಸರ ಪ್ರವಚನಗಳನ್ನು ಕೇಳುತ್ತ ಬಂದಿದ್ದೀರಿ. ನಾನು ವಿದ್ವಾಂಸನೂ ಅಲ್ಲ, ವೈದ್ಯನೂ ಅಲ್ಲ. ಸಿವಿಲ್ ಇಂಜಿನಿಯರಿಂಗ್‌ನಲ್ಲಿ ಡಿಪ್ಲೊಮಾ ಪಡೆದು, ಮಧ್ಯ ರೈಲ್ವೆಯ ಹಳಿ ವಿಭಾಗದಲ್ಲಿ ಮೂರೂವರೆ ದಶಕಗಳ ಕಾಲ ಸೇವೆ ಸಲ್ಲಿಸಿ ನಿವೃತ್ತನಾದವನು. ಆದರೂ ಹೃದ್ರೋಗದ ಚಿಕಿತ್ಸೆಯ ವಿಷಯವಾಗಿ ಮಾತನಾಡಬೇಕೆಂದು ಶಾಖೆಯ ವ್ಯವಸ್ಥಾಪಕರು ಅಪ್ಪಣೆ ಮಾಡಿದಾಗ ಒಪ್ಪಿಕೊಂಡೆ. ಅದಕ್ಕೆ ಕಾರಣವಿದೆ. ನಿವೃತ್ತಿಯ ನಂತರ ನಮ್ಮ ಪರಿಚಯದ ಹಲವು ಕುಟುಂಬಗಳ ಜೊತೆಯಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದೇನೆ. ಫೈಲು ಹಿಡಿದುಕೊಳ್ಳುವುದು, ಬಿಲ್ಲು ಓದುವುದು, ಡಾಕ್ಟರರ ಇಂಗ್ಲಿಷನ್ನೂ ನರ್ಸುಗಳ ಮರಾಠಿಯನ್ನೂ ಮನೆಯ ಹಿರಿಯರಿಗೆ ಕನ್ನಡದಲ್ಲಿ ತಿಳಿಯಹೇಳುವುದು ನನ್ನ ಪಾಲಿಗೆ ಬಂದ ಕೆಲಸ. ಅಲ್ಲಿ ನಾನು ಕಂಡದ್ದು ಇಷ್ಟು: ಮನೆಮಂದಿ ಓಡಬೇಕಾದಾಗ ಕುಳಿತು ಯೋಚಿಸುತ್ತಾರೆ, ಕುಳಿತು ಯೋಚಿಸಬೇಕಾದಾಗ ಓಡುತ್ತಾರೆ. ಇಂದಿನ ನನ್ನ ನಿವೇದನೆಯೆಲ್ಲ ಈ ಒಂದು ಮಾತಿನ ವಿಸ್ತರಣೆ.

ನನಗೆ ತಿಳಿದ ಹಳಿಯಿಂದಲೇ ಆರಂಭಿಸುತ್ತೇನೆ. ಹಳಿಯ ಒಳಗಿನ ಬಿರುಕು ಕಣ್ಣಿಗೆ ಕಾಣುವುದಿಲ್ಲ. ಅದನ್ನು ಕಂಡುಹಿಡಿಯಲು ಅಲ್ಟ್ರಾಸಾನಿಕ್ ಯಂತ್ರವನ್ನು ಹಳಿಯ ಮೇಲೆ ತಳ್ಳಿಕೊಂಡು ಹೋಗುತ್ತೇವೆ. ಶಬ್ದತರಂಗವು ಉಕ್ಕಿನೊಳಗೆ ಇಳಿದು, ದೋಷವಿದ್ದರೆ ಅದಕ್ಕೆ ತಾಗಿ ಹಿಂದಿರುಗುತ್ತದೆ. ಹೃದಯಕ್ಕೆ ಮಾಡುವ ಎಕೋ ಪರೀಕ್ಷೆಯ ತತ್ತ್ವವೂ ಇದೇ. ಆದರೆ ದೋಷ ಕಂಡ ಮಾತ್ರಕ್ಕೆ ಹಳಿಯನ್ನು ಕಿತ್ತುಹಾಕುವುದಿಲ್ಲ. ದೋಷಗಳಲ್ಲಿ ಎರಡು ಮುಖ್ಯ ವರ್ಗಗಳಿವೆ. ಐ.ಎಂ.ಆರ್. ಎಂದರೆ ಕೂಡಲೇ ತೆಗೆಯತಕ್ಕದ್ದು. ಓ.ಬಿ.ಎಸ್. ಎಂದರೆ ಕಣ್ಣಿಟ್ಟು ಕಾಯತಕ್ಕದ್ದು. ಮೊದಲನೆಯದು ಸಿಕ್ಕ ಕ್ಷಣವೇ ಗಾಡಿಗಳ ವೇಗವನ್ನು ಗಂಟೆಗೆ 30 ಕಿಲೋಮೀಟರಿಗೆ ಇಳಿಸಿ, ಮೂರು ದಿನದೊಳಗೆ ಆ ತುಂಡನ್ನು ಬದಲಿಸಬೇಕೆಂಬುದು ನನ್ನ ಸೇವಾಕಾಲದ ಕೈಪಿಡಿಯ ನಿಯಮ. ಎರಡನೆಯದಕ್ಕೆ ಫಿಶ್‌ಪ್ಲೇಟು ಕೊಟ್ಟು, ಕ್ಲ್ಯಾಂಪು ಬಿಗಿದು, ಕೀಮ್ಯಾನ್ ಪ್ರತಿದಿನ ನೋಡಿಕೊಳ್ಳುವಂತೆ ಏರ್ಪಾಡು ಮಾಡುತ್ತೇವೆ. ಅದನ್ನೂ ಕತ್ತರಿಸಿ ತೆಗೆಯಬಾರದೇಕೆ ಎಂದು ಹೊಸದಾಗಿ ಸೇರಿದ ಹುಡುಗರು ಕೇಳುವುದುಂಟು. ಒಂದು ತುಂಡು ಕತ್ತರಿಸಿದರೆ ಎರಡು ಹೊಸ ಬೆಸುಗೆ ಹಾಕಬೇಕು, ಆ ಬೆಸುಗೆಗಳೇ ನಾಳೆ ಒಡೆಯಬಹುದು. ದುರಸ್ತಿಗೂ ಅದರದೇ ಆದ ಅಪಾಯವಿದೆ.

ಹೃದಯದ ವಿಷಯದಲ್ಲೂ ಇಂತಹುದೇ ಭೇದವಿದೆ. ರಕ್ತನಾಳ ಇದ್ದಕ್ಕಿದ್ದಂತೆ ಪೂರ್ತಿ ಮುಚ್ಚಿ ಹೃದಯದ ಸ್ನಾಯು ಸಾಯತೊಡಗಿದರೆ ಅದು ಹೃದಯಾಘಾತ, ನಮ್ಮ ಭಾಷೆಯಲ್ಲಿ ಐ.ಎಂ.ಆರ್. ವರ್ಷಗಟ್ಟಲೆ ನಿಧಾನವಾಗಿ ಕಿರಿದಾದ ನಾಳ, ಮೆಟ್ಟಿಲು ಹತ್ತಿದಾಗ ಮಾತ್ರ ಎದೆ ಬಿಗಿತ, ಕುಳಿತರೆ ಶಮನ, ಇದು ಬಹುಮಟ್ಟಿಗೆ ಓ.ಬಿ.ಎಸ್. ಎರಡಕ್ಕೂ ಜನರು ‘ಬ್ಲಾಕ್’ ಎಂಬ ಒಂದೇ ಪದವನ್ನು ಬಳಸುವುದರಿಂದ ಗೊಂದಲವಾಗುತ್ತದೆ. (ಡೊಂಬಿವಲಿಯವರಿಗೆ ಭಾನುವಾರದ ಮೆಗಾಬ್ಲಾಕಿನ ಪರಿಚಯ ಇದಕ್ಕಿಂತ ಹೆಚ್ಚು.)

ಮೊದಲು ಓಡಬೇಕಾದ ಪ್ರಸಂಗ. ನಮ್ಮ ಬಳಗದ ಹಿರಿಯರೊಬ್ಬರಿಗೆ ಒಂದು ದ್ವಾದಶಿಯ ಬೆಳಗಿನ ಜಾವ ಎದೆಯ ನಡುವೆ ಭಾರ, ಬೆವರು, ಎಡದವಡೆಯಲ್ಲಿ ಸೆಳೆತ ಆರಂಭವಾಯಿತು. ಹಿಂದಿನ ದಿನದ ಉಪವಾಸದಿಂದ ಪಿತ್ತ ಕೆರಳಿದೆಯೆಂದು ಮನೆಯವರು ಭಾವಿಸಿದರು. ಪಾರಣೆಯಾಯಿತು, ಜೀರಿಗೆ ಕಷಾಯವಾಯಿತು, ಸೋಡಾ ಆಯಿತು. ಮಗ ಆಫೀಸಿಗೆ ರಜೆ ಹಾಕಿ ಆಸ್ಪತ್ರೆಗೆ ಕರೆದೊಯ್ಯುವಾಗ ಹನ್ನೊಂದು ಗಂಟೆ ದಾಟಿತ್ತು. ಜೀವ ಉಳಿಯಿತು. ಆದರೆ ಹೃದಯದ ಒಂದು ಭಾಗ ಶಾಶ್ವತವಾಗಿ ನಿಶ್ಚೇಷ್ಟವಾಯಿತು. ಮಠಕ್ಕೆ ನಡೆದು ಬರುತ್ತಿದ್ದವರು ಈಗ ಕೋಣೆಯಿಂದ ಕೋಣೆಗೆ ಹೋಗಲೂ ದಣಿಯುತ್ತಾರೆ.

ನಾವು ಸಸ್ಯಾಹಾರಿಗಳು, ಸಿಗರೇಟು ಮದ್ಯಗಳ ಸೋಂಕಿಲ್ಲದವರು, ನಮಗೆಲ್ಲಿಯ ಹೃದಯಾಘಾತ ಎಂಬ ಭಾವನೆ ನಮ್ಮ ಮನೆಗಳಲ್ಲಿ ಗಟ್ಟಿಯಾಗಿದೆ. ಸಕ್ಕರೆ ಕಾಯಿಲೆಗೆ ಮಡಿ ಮೈಲಿಗೆಯ ಭೇದವಿಲ್ಲ. ಅನ್ನ, ಹೋಳಿಗೆ, ಹಯಗ್ರೀವ, ಮೇಲೆ ತುಪ್ಪ, ಊಟದ ನಂತರ ನಿದ್ರೆ, ಇವು ಸಾಕು. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ, ವಯೋವೃದ್ಧರಲ್ಲಿ ಎದೆನೋವೇ ಇಲ್ಲದೆ ಬರೀ ಏದುಸಿರು, ಬೆವರು, ವಾಕರಿಕೆ, ವಿಪರೀತ ಆಯಾಸಗಳ ರೂಪದಲ್ಲಿ ಹೃದಯಾಘಾತ ಕಾಣಿಸಿಕೊಳ್ಳಬಹುದು. ನಮ್ಮ ಮಾತೆಯರು ‘ಏನೋ ಸುಸ್ತು’ ಎಂದು ಅಡಿಗೆಮನೆಯಿಂದ ಹೊರಬರದಿರುವುದೇ ಹೆಚ್ಚು.

ಇಂತಹ ವೇಳೆಯಲ್ಲಿ ವೆಚ್ಚದ ಮಾತು, ಎರಡನೆಯ ಅಭಿಪ್ರಾಯ, ಮುಂಬಯಿಯ ದೊಡ್ಡ ಆಸ್ಪತ್ರೆಯ ಹಂಬಲ ಯಾವುದೂ ಸಲ್ಲದು. ಮೊದಲು ಇ.ಸಿ.ಜಿ. ಆಗಬೇಕು. ಆಸ್ಪತ್ರೆ ತಲುಪಿದ ಹತ್ತು ನಿಮಿಷದೊಳಗೆ ಅದು ಆಗಬೇಕೆಂದು ವೈದ್ಯಶಾಸ್ತ್ರದ ನಿಯಮ. ಹೃದಯಾಘಾತ ಖಚಿತವಾದರೆ, ಹೊಕ್ಕ 90 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ ಮಾಡಿ ನಾಳ ತೆರೆಯುವುದು ಅತ್ಯುತ್ತಮ. ಎರಡು ಗಂಟೆಯೊಳಗೆ ಅದು ಸಾಧ್ಯವಿಲ್ಲವೆಂದು ಕಂಡರೆ, ರಕ್ತಸ್ರಾವದ ಅಪಾಯವಿಲ್ಲದ ರೋಗಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಅಲ್ಲಿಯೇ ಕೊಟ್ಟು ಅನಂತರ ಸಾಗಿಸುವುದು ಸರಿಯಾದ ಕ್ರಮ. ನಮ್ಮ ಊರಿಗೆ ಈ ಲೆಕ್ಕ ಬಹಳ ಮುಖ್ಯ. ಡೊಂಬಿವಲಿಯನ್ನು ರೈಲುಹಳಿ ಎರಡಾಗಿ ಸೀಳಿದೆ. ಪಶ್ಚಿಮದ ರೋಗಿಯನ್ನು ಪೂರ್ವಕ್ಕೆ ತರಲು ಸೇತುವೆ ಹತ್ತಿ ಇಳಿಯಬೇಕು, ಕಲ್ಯಾಣ-ಶಿಳ್ ರಸ್ತೆಯಲ್ಲಿ ಸಂಜೆ ಸಿಕ್ಕಿಬಿದ್ದ ಆಂಬುಲೆನ್ಸಿಗೆ ಸೈರನ್ ಇದ್ದೂ ದಾರಿ ಇಲ್ಲ. ಐವತ್ತು ಕಿಲೋಮೀಟರ್ ದೂರದ ಮುಂಬಯಿಯ ಖ್ಯಾತ ಆಸ್ಪತ್ರೆಗಿಂತ, ಇಪ್ಪತ್ತು ನಿಮಿಷದಲ್ಲಿ ತಲುಪಬಹುದಾದ, ರಾತ್ರಿಯೂ ಕ್ಯಾಥ್‌ಲ್ಯಾಬ್ ನಡೆಯುವ ಆಸ್ಪತ್ರೆ ಮೇಲು. ಅದು ಯಾವುದೆಂದು ಇವತ್ತೇ ವಿಚಾರಿಸಿಟ್ಟುಕೊಳ್ಳಿ. ಮಹಾರಾಷ್ಟ್ರದಲ್ಲಿ 2014ರಿಂದ 108 ಸಂಖ್ಯೆಯ ಆಂಬುಲೆನ್ಸ್ ಸೇವೆಯಿದೆ. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗುವ ಸಾಹಸ ಬೇಡ.

ಹತ್ತಿರದಲ್ಲಿಯೇ ಇ.ಸಿ.ಜಿ. ಮತ್ತು ಇಂಜೆಕ್ಷನ್ ಒದಗಿಸುವ ಈ ವಿಚಾರವನ್ನು ನಮ್ಮ ತಾಯ್ನಾಡು ಚೆನ್ನಾಗಿ ಗ್ರಹಿಸಿದೆ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ ತೀರಿಕೊಂಡದ್ದು ತಮಗೆಲ್ಲ ನೆನಪಿದೆ. ಅವರ ಹೆಸರಿನಲ್ಲಿ ಕರ್ನಾಟಕ ಸರ್ಕಾರ 2023ರಲ್ಲಿ ಆರಂಭಿಸಿದ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ಜಯದೇವದಂತಹ ದೊಡ್ಡ ಆಸ್ಪತ್ರೆಯ ತಜ್ಞರು ನೋಡಿ ಸಲಹೆ ಕೊಡುತ್ತಾರೆ. ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ. ಊರಿಗೆ ಹೋದಾಗ ವಯಸ್ಸಾದ ತಂದೆತಾಯಿಗಳಿಗೆ, ಅತ್ತೆ ಮಾವಂದಿರಿಗೆ ಇದನ್ನು ತಿಳಿಸಿ ಬನ್ನಿ.

ಇನ್ನು ಕುಳಿತು ಯೋಚಿಸಬೇಕಾದ ಪ್ರಸಂಗ. ಹೆಚ್ಚಿನ ಹಣವೂ ಹೆಚ್ಚಿನ ಭಯವೂ ಖರ್ಚಾಗುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

ನನ್ನ ಜೊತೆ ಕೆಲಸ ಮಾಡಿದ ಒಬ್ಬರು, ವಯಸ್ಸು 67, ವಾರ್ಷಿಕ ತಪಾಸಣೆಗೆಂದು ಒಂದು ಖಾಸಗಿ ಆಸ್ಪತ್ರೆಗೆ ಹೋದರು. ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಏನೋ ವ್ಯತ್ಯಾಸ ಕಂಡಿತು. ಮರುದಿನ ಆಂಜಿಯೋಗ್ರಫಿ. ಅವರು ಮೇಜಿನ ಮೇಲೆ ಮಲಗಿರುವಾಗಲೇ ಹೊರಗಿದ್ದ ಪತ್ನಿಯ ಬಳಿಗೆ ಒಬ್ಬರು ಬಂದು, ಒಂದು ನಾಳದಲ್ಲಿ ಶೇಕಡಾ 80 ಬ್ಲಾಕ್ ಇದೆ, ಈಗಲೇ ಸ್ಟೆಂಟ್ ಹಾಕಿಬಿಡೋಣ, ಅರ್ಧ ಗಂಟೆಯಲ್ಲಿ ತಿಳಿಸಿ, ಸಹಿ ಮಾಡಿ ಎಂದರು. ಆ ತಾಯಿ ನನಗೆ ಫೋನು ಮಾಡಿದರು. ನಾನು ಒಂದೇ ಪ್ರಶ್ನೆ ಕೇಳಿಸಿದೆ: ‘ಇದು ಹೃದಯಾಘಾತವೇ?’ ಅಲ್ಲ ಎಂಬ ಉತ್ತರ ಬಂತು. ಹಾಗಾದರೆ ಆಂಜಿಯೋಗ್ರಫಿಯ ಸಿ.ಡಿ. ಕೊಡಿ, ಎರಡು ದಿನ ಬಿಟ್ಟು ಬರುತ್ತೇವೆ ಎಂದು ಹೇಳಿಸಿದೆ. ಮುಖ ಗಂಟಿಕ್ಕಿದರೂ ಕೊಟ್ಟರು. ಆ ಸಿ.ಡಿ.ಯನ್ನು ಸಾರ್ವಜನಿಕ ಆಸ್ಪತ್ರೆಯೊಂದರ ಹೃದ್ರೋಗ ವಿಭಾಗದಲ್ಲಿ ತೋರಿಸಿದೆವು. ಮುಖ್ಯ ನಾಳ ಸ್ವಚ್ಛವಾಗಿದೆ, ಪಂಪಿಂಗ್ ಸರಿಯಾಗಿದೆ, ನೋವೂ ಇಲ್ಲ, ಔಷಧದಲ್ಲಿ ನೋಡೋಣ ಎಂದರು. ನಾಲ್ಕು ವರ್ಷಗಳಾದುವು. ಪ್ರತಿದಿನ ಬೆಳಿಗ್ಗೆ ನಾಲ್ಕು ಕಿಲೋಮೀಟರ್ ನಡೆಯುತ್ತಾರೆ. ಮೊದಲು ಸಲಹೆ ಕೊಟ್ಟವರು ಮೋಸ ಮಾಡಲು ಹೊರಟಿದ್ದರೆಂದು ನಾನು ಹೇಳಲಾರೆ. ಕಣ್ಣೆದುರು ಕಿರಿದಾದ ನಾಳ ಕಂಡಾಗ ಅದನ್ನು ಹಿಗ್ಗಿಸದೆ ಬಿಡಲು ಕೈಯುಳ್ಳವನಿಗೆ ಮನಸ್ಸೊಪ್ಪುವುದಿಲ್ಲ. ನಮ್ಮ ಗ್ಯಾಂಗಿನವರೂ ಹಾಗೆಯೇ.

ಒಬ್ಬರ ಅನುಭವದಿಂದ ನಿಯಮ ಹೊರಡದು. ಅದಕ್ಕಾಗಿ ದೊಡ್ಡ ಅಧ್ಯಯನಗಳನ್ನು ನೋಡಬೇಕು. ಅಮೆರಿಕ ಮತ್ತು ಕೆನಡಾಗಳಲ್ಲಿ 2,287 ರೋಗಿಗಳ ಮೇಲೆ ನಡೆದ ‘ಕರೇಜ್’ ಅಧ್ಯಯನದ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಸ್ಥಿರವಾದ ಹೃದ್ರೋಗವಿದ್ದವರಲ್ಲಿ ಅರ್ಧ ಜನಕ್ಕೆ ಔಷಧ ಮಾತ್ರ, ಉಳಿದವರಿಗೆ ಔಷಧದ ಜೊತೆಗೆ ಆಂಜಿಯೋಪ್ಲಾಸ್ಟಿ. ಸಾವು ಮತ್ತು ಹೃದಯಾಘಾತಗಳ ಸಂಖ್ಯೆಯಲ್ಲಿ ಎರಡು ಗುಂಪುಗಳಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇದು ಸೌಮ್ಯ ರೋಗಿಗಳ ಮಾತೆಂದು ಆಕ್ಷೇಪ ಬಂದುದರಿಂದ ಇನ್ನೂ ದೊಡ್ಡ ಅಧ್ಯಯನ ನಡೆಯಿತು. ‘ಇಸ್ಕೀಮಿಯಾ’ ಎಂಬ ಅದರಲ್ಲಿ ಭಾರತವೂ ಸೇರಿ 37 ದೇಶಗಳ 5,179 ರೋಗಿಗಳಿದ್ದರು. ಪರೀಕ್ಷೆಯಲ್ಲಿ ಮಧ್ಯಮ ಅಥವಾ ತೀವ್ರ ದೋಷ ಕಂಡವರು. 2019ರ ನವೆಂಬರಿನಲ್ಲಿ ಹೊರಬಂದ ಫಲಿತಾಂಶವೂ ಅದನ್ನೇ ಹೇಳಿತು. ಆರಂಭದಲ್ಲಿಯೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿದವರೂ, ಮೊದಲು ಔಷಧದಲ್ಲಿದ್ದು ಅಗತ್ಯ ಬಿದ್ದಾಗ ಮಾತ್ರ ಮಾಡಿಸಿದವರೂ ಮೂರು ವರ್ಷಗಳ ಮೇಲೆ ಒಂದೇ ಪ್ರಮಾಣದಲ್ಲಿ ಬದುಕಿದ್ದರು.

ಹಾಗಾದರೆ ಸ್ಟೆಂಟ್ ನಿರುಪಯುಕ್ತವೆಂದು ಯಾರೂ ತಿಳಿಯಬಾರದು. ಎದೆನೋವು ಪದೇ ಪದೇ ಕಾಡುವವರಿಗೆ ಅದರಿಂದ ಉಪಶಮನ ಸಿಗುತ್ತದೆ. ಇಂಗ್ಲೆಂಡಿನಲ್ಲಿ 301 ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅರ್ಧ ಜನಕ್ಕೆ ಅವರಿಗೂ ತಿಳಿಯದಂತೆ ಸ್ಟೆಂಟ್ ಹಾಕಿದಂತೆ ನಟಿಸಿ ಹೋಲಿಸಿದಾಗಲೂ, ನಿಜವಾಗಿ ಹಾಕಿಸಿಕೊಂಡವರ ನೋವು ಕಡಿಮೆಯಾಗಿತ್ತು. ಆದ್ದರಿಂದ ತಾವು ವೈದ್ಯರನ್ನು ಕೇಳಬೇಕಾದ ಪ್ರಶ್ನೆ ಇದು: ‘ಡಾಕ್ಟರೇ, ಇದರಿಂದ ಇವರ ಆಯುಸ್ಸು ಹೆಚ್ಚುತ್ತದೆಯೋ, ನೋವು ಕಡಿಮೆಯಾಗುತ್ತದೆಯೋ?’ ನೋವೇ ಇಲ್ಲದವರಿಗೆ ಎರಡನೆಯ ಉತ್ತರ ಬಂದರೆ ತಡೆದು ನೋಡಲು ಅವಕಾಶವಿದೆ.

‘ಇಸ್ಕೀಮಿಯಾ’ ಅಧ್ಯಯನದಿಂದ ಹೊರಗಿಟ್ಟವರನ್ನು ಮರೆಯಕೂಡದು. ಎಡ ಮುಖ್ಯ ನಾಳದಲ್ಲಿಯೇ ಅರ್ಧಕ್ಕಿಂತ ಹೆಚ್ಚು ತಡೆಯಿರುವವರು, ಹೃದಯದ ಪಂಪಿಂಗ್ ಶೇಕಡಾ 35ಕ್ಕಿಂತ ಕೆಳಗಿಳಿದವರು, ಇತ್ತೀಚೆಗೆ ಹೃದಯಾಘಾತವಾದವರು, ಔಷಧ ಕೊಟ್ಟರೂ ನೋವು ತಡೆಯಲಾಗದವರು ಇವರಾರೂ ಅದರಲ್ಲಿ ಇರಲಿಲ್ಲ. ಇವರಿಗೆ ‘ಔಷಧದಲ್ಲಿ ನೋಡೋಣ’ ಎಂಬ ಮಾತನ್ನು ಅನ್ವಯಿಸುವುದು ಐ.ಎಂ.ಆರ್. ಹಳಿಗೆ ಕ್ಲ್ಯಾಂಪು ಬಿಗಿದು ಮನೆಗೆ ಹೋದಂತೆ.

ಶೇಕಡಾ 80 ತಡೆಯಿದ್ದ ಜಾಗವನ್ನು ತೆರೆದರೂ ಆಯುಸ್ಸು ಏಕೆ ಹೆಚ್ಚುವುದಿಲ್ಲ? ನನಗೂ ಇದು ಬಹಳ ದಿನ ಒಗಟಾಗಿತ್ತು. ಹೃದಯಾಘಾತಗಳಲ್ಲಿ ಬಹಳಷ್ಟು ಆಗುವುದು ಅತಿ ಕಿರಿದಾದ ಜಾಗದಲ್ಲಿ ಅಲ್ಲವಂತೆ; ಅಷ್ಟೇನೂ ಕಿರಿದಾಗದ ಜಾಗದಲ್ಲಿ ಕೊಬ್ಬಿನ ಪದರ ಒಡೆದು, ಅದರ ಮೇಲೆ ಹೆಪ್ಪುಗಟ್ಟಿದಾಗ. ಹಳಿಯಲ್ಲೂ ತಲೆ ಸವೆದ ಭಾಗ ಎಲ್ಲರ ಕಣ್ಣಿಗೆ ಬೀಳುತ್ತದೆ, ಒಡೆಯುವುದು ತುಕ್ಕು ಹಿಡಿದ ಅಡಿಭಾಗದಲ್ಲಿ. ಸ್ಟೆಂಟ್ ತಾನಿರುವಷ್ಟು ಜಾಗವನ್ನು ಕಾಯುತ್ತದೆ. ಸ್ಟ್ಯಾಟಿನ್ ಮಾತ್ರೆ, ರಕ್ತದೊತ್ತಡ ಮತ್ತು ಸಕ್ಕರೆಯ ಹತೋಟಿ, ನಡಿಗೆ ಇವು ಇಡೀ ನಾಳವನ್ನು ಕಾಯುತ್ತವೆ.

ಸಕ್ಕರೆ ಕಾಯಿಲೆಯ ಜೊತೆಗೆ ಎರಡು ಮೂರು ನಾಳಗಳು ಕೆಟ್ಟಿದ್ದರೆ ಸ್ಟೆಂಟೋ ಬೈಪಾಸೋ ಎಂಬ ಪ್ರಶ್ನೆ ಬರುತ್ತದೆ. ಎದೆ ಸೀಳುವುದೆಂದರೆ ಯಾರಿಗೂ ಹೆದರಿಕೆಯೇ. ಆದರೆ 2012ರಲ್ಲಿ ಪ್ರಕಟವಾದ ‘ಫ್ರೀಡಂ’ ಅಧ್ಯಯನದಲ್ಲಿ ಇಂತಹ 1,900 ರೋಗಿಗಳನ್ನು ಗಮನಿಸಿದಾಗ, ಐದು ವರ್ಷಗಳಲ್ಲಿ ಸಾವು, ಹೃದಯಾಘಾತ ಅಥವಾ ಪಾರ್ಶ್ವವಾಯುವಿಗೆ ತುತ್ತಾದವರು ಬೈಪಾಸಿನವರಲ್ಲಿ ಶೇಕಡಾ 18.7, ಸ್ಟೆಂಟಿನವರಲ್ಲಿ ಶೇಕಡಾ 26.6. ಪಾರ್ಶ್ವವಾಯು ಮಾತ್ರ ಬೈಪಾಸಿನಲ್ಲಿಯೇ ಹೆಚ್ಚು, ಶೇಕಡಾ 5.2ಕ್ಕೆ ಪ್ರತಿಯಾಗಿ 2.4. ಇಂದು ಸುಲಭವೆನಿಸಿದ್ದು ಐದು ವರ್ಷದಲ್ಲಿ ಸುಲಭವಾಗಿ ಉಳಿಯುವುದಿಲ್ಲ. ಇಂತಹ ರೋಗಿಯ ವಿಷಯದಲ್ಲಿ ಸ್ಟೆಂಟ್ ಹಾಕುವ ವೈದ್ಯರ ಜೊತೆಗೆ ಶಸ್ತ್ರವೈದ್ಯರ ಅಭಿಪ್ರಾಯವನ್ನೂ ಕೇಳಿಯೇ ಮುಂದುವರಿಯಬೇಕು.

ಈಗ ವೆಚ್ಚದ ಮಾತು. ವಿದೇಶದಲ್ಲಿರುವ ಮಗ ಫೋನಿನಲ್ಲಿ ಹೇಳುವ ಮಾತು ಒಂದೇ: ‘ದುಡ್ಡಿನ ಯೋಚನೆ ಬೇಡ, ಬೆಸ್ಟ್ ಹಾಕಿಸಿ.’ ದೂರದಲ್ಲಿರುವ ಮಗನ ಸಂಕಟ ಅದು, ಅರ್ಥವಾಗುತ್ತದೆ. ಆದರೆ ಬೆಸ್ಟ್ ಎಂದರೆ ದುಬಾರಿಯೆಂಬ ಸಮೀಕರಣವನ್ನು ಸ್ವಲ್ಪ ಪರೀಕ್ಷಿಸಬೇಕು. 2017ಕ್ಕೆ ಮೊದಲು ಔಷಧಲೇಪಿತ ಸ್ಟೆಂಟೊಂದಕ್ಕೆ ಲಕ್ಷಕ್ಕೂ ಮಿಕ್ಕಿ ತೆತ್ತವರು ಈ ಸಭೆಯಲ್ಲಿಯೇ ಇರಬಹುದು. ಬೀರೇಂದ್ರ ಸಾಂಗ್ವಾನ್ ಎಂಬ ವಕೀಲರು ದೆಹಲಿ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿಯ ಮೊಕದ್ದಮೆ ಹೂಡಿದರು. 2016ರಲ್ಲಿ ಸ್ಟೆಂಟ್ ಅತ್ಯಾವಶ್ಯಕ ಔಷಧಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. 2017ರ ಫೆಬ್ರವರಿ 13ರಂದು ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವು ತೆರಿಗೆ ಬಿಟ್ಟು ಔಷಧಲೇಪಿತ ಸ್ಟೆಂಟಿಗೆ 29,600 ರೂಪಾಯಿ, ಲೇಪನವಿಲ್ಲದ್ದಕ್ಕೆ 7,260 ರೂಪಾಯಿ ಎಂದು ಗರಿಷ್ಠ ಬೆಲೆ ಗೊತ್ತುಮಾಡಿತು. ಅನಂತರ ಪರಿಷ್ಕರಣೆಗಳಾದರೂ 2025ರಲ್ಲಿಯೂ ತೆರಿಗೆ ಬಿಟ್ಟು 40,000ದ ಒಳಗೇ ಇತ್ತು. ಸ್ವದೇಶಿಯಾಗಲಿ ವಿದೇಶಿಯಾಗಲಿ ಮಿತಿ ಒಂದೇ. ಬಿಲ್ಲಿನಲ್ಲಿ ಸ್ಟೆಂಟಿನ ಬೆಲೆ, ಬ್ರಾಂಡು, ತಯಾರಕರು, ಬ್ಯಾಚ್ ಸಂಖ್ಯೆ ಪ್ರತ್ಯೇಕವಾಗಿ ಇರಬೇಕೆಂದೂ ಆಜ್ಞೆಯಲ್ಲಿದೆ. ಇದನ್ನು ತಪ್ಪದೆ ಕೇಳಿ ಪಡೆಯಿರಿ. ಹಳಿಯ ಮೇಲೂ ತಯಾರಕರ ಗುರುತು, ತಯಾರಾದ ವರ್ಷ ಮೂಡಿಸಿರುತ್ತದೆ. ನಾಳೆ ದೋಷ ಕಂಡರೆ ಅದೇ ಕುಲುಮೆಯ ಉಳಿದವನ್ನು ಹುಡುಕುವುದು ಹೇಗೆ? ಆದರೆ ಸ್ಟೆಂಟಿನ ಬೆಲೆ ಇಳಿದಷ್ಟು ಪ್ರಮಾಣದಲ್ಲಿ ಒಟ್ಟು ಬಿಲ್ಲು ಇಳಿಯಲಿಲ್ಲವೆಂಬುದು ಹಲವರ ಅನುಭವ. ಬಲೂನು, ಕ್ಯಾಥೆಟರು, ಕೋಣೆಯ ಬಾಡಿಗೆ ಇವೆಲ್ಲದರ ಅಂದಾಜನ್ನು ಮೊದಲೇ ಬರೆಯಿಸಿಕೊಳ್ಳಬೇಕು.

ಸ್ವದೇಶಿಯೆಂದರೆ ಕಳಪೆಯೇ? ಸೂರತ್ತಿನಲ್ಲಿ ತಯಾರಾಗುವ ಸ್ಟೆಂಟೊಂದನ್ನು ಅಮೆರಿಕದ ಹೆಸರಾಂತ ಸ್ಟೆಂಟಿನ ಎದುರಿಗಿಟ್ಟು ಯುರೋಪಿನ 1,435 ರೋಗಿಗಳಲ್ಲಿ ಪರೀಕ್ಷಿಸಿದರು. ಅದು ಕಡಿಮೆಯಲ್ಲವೆಂದು 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಇದಕ್ಕಿಂತ ಹಳೆಯದಾದ, ನನಗೆ ಬಹು ಪ್ರಿಯವಾದ ಉದಾಹರಣೆ ಹೃದಯದ ಕವಾಟದ್ದು. ಬೆಸುಗೆಯ ಕೆಲಸ ಬಲ್ಲವನಿಗೆ ಇದನ್ನು ಹೇಳದೆ ಇರಲಾಗದು. ವಿದೇಶದಲ್ಲಿ 1979ರಿಂದ 1986ರವರೆಗೆ ಮಾರಾಟವಾದ ಬ್ಯೋರ್ಕ್-ಶೈಲಿ ಕವಾಟದ ಒಂದು ಮಾದರಿ ಸುಮಾರು 86,000 ಜನರಿಗೆ ಅಳವಡಿಕೆಯಾಯಿತು. ಬಿಲ್ಲೆಯನ್ನು ಹಿಡಿದಿಡುವ ಸಣ್ಣ ತಂತಿಯನ್ನು ಉಂಗುರಕ್ಕೆ ಬೆಸೆದಿದ್ದರು. ಆ ಬೆಸುಗೆಯ ಬಳಿ ತಂತಿ ಮುರಿದು, ಬಿಲ್ಲೆ ಜಾರಿ, ನೂರಾರು ರೋಗಿಗಳು ಅಪಾಯಕ್ಕೀಡಾದರು, ಬಹುಪಾಲು ಸತ್ತರು. ದುಬಾರಿ ಸಾಮಗ್ರಿ, ದೊಡ್ಡ ಹೆಸರು, ಎಲ್ಲ ಇತ್ತು.

ಅದೇ ಕಾಲದಲ್ಲಿ ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಅವರ ತಂಡ ನಮ್ಮ ಬಡ ರೋಗಿಗಳಿಗಾಗಿ ಕವಾಟ ನಿರ್ಮಿಸುತ್ತಿತ್ತು. ಮೊದಲ ಮೂರು ಮಾದರಿಗಳು ಪರೀಕ್ಷೆಯಲ್ಲಿ ವಿಫಲವಾದುವು. ಅವುಗಳನ್ನು ರೋಗಿಗೆ ಹಾಕದೆ ಬದಿಗಿಟ್ಟರು. ನಾಲ್ಕನೆಯದರ ಚೌಕಟ್ಟನ್ನು ಗಟ್ಟಿ ಮಿಶ್ರಲೋಹದ ಒಂದೇ ಗಟ್ಟಿಯಿಂದ ಕೊರೆದು ತೆಗೆದರು; ಬೆಸುಗೆಯೇ ಇಲ್ಲ. ಬಿಲ್ಲೆಗೆ ವಿಶೇಷ ಪ್ಲಾಸ್ಟಿಕ್. 1990ರ ಡಿಸೆಂಬರ್ 6ರಂದು ಮೊದಲ ರೋಗಿಗೆ ಅಳವಡಿಸಿದರು. ಆಮದಾದ ಕವಾಟಕ್ಕಿಂತ ಬಹಳ ಅಗ್ಗ. ನಮ್ಮ ಅಡಿಗೆಮನೆಯ ಪ್ರೆಸ್ಟೀಜ್ ಕುಕ್ಕರಿನ ಅದೇ ಟಿ.ಟಿ.ಕೆ. ಸಮೂಹ ಇದನ್ನು ತಯಾರಿಸಿತು. ಒಂದು ಲಕ್ಷಕ್ಕೂ ಹೆಚ್ಚು ಜನರ ಎದೆಯಲ್ಲಿ ಅದು ಸೇರಿದೆ. ವಲಿಯತ್ತಾನ್ ಅವರು ಮುಂದೆ ಮಣಿಪಾಲದ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾಗಿ ನಮ್ಮ ಉಡುಪಿ ಸೀಮೆಯವರೇ ಆದರು. 2024ರ ಜುಲೈಯಲ್ಲಿ ಅಲ್ಲಿಯೇ ದೇಹ ಬಿಟ್ಟರು. ಸುರಕ್ಷತೆಯನ್ನು ಬೆಲೆಯ ಚೀಟಿಯಲ್ಲಿ ಓದಲಾಗದು, ಪರೀಕ್ಷೆಯ ದಾಖಲೆಯಲ್ಲಿ ಓದಬೇಕು.

ಆಸ್ಪತ್ರೆಯ ದಾಖಲೆ ಸಿಗುತ್ತದೆಯೇ? ಅಮೆರಿಕದ ನ್ಯೂಯಾರ್ಕ್ ರಾಜ್ಯವು 1989ರಿಂದ ಬೈಪಾಸ್ ಶಸ್ತ್ರಕ್ರಿಯೆಯ ಸಾವುಗಳ ಲೆಕ್ಕವನ್ನು ಆಸ್ಪತ್ರೆವಾರು ಸಂಗ್ರಹಿಸಿ, ರೋಗಿಯ ವಯಸ್ಸು, ಮೂತ್ರಪಿಂಡದ ಸ್ಥಿತಿ ಮೊದಲಾದುವನ್ನು ಗಣನೆಗೆ ಹಿಡಿದು ಪ್ರಕಟಿಸತೊಡಗಿತು. ಸಾವುಗಳು ಕಡಿಮೆಯಾದುವು. ಅಂಕ ಕೆಡುವ ಭಯದಿಂದ ಕಠಿಣ ರೋಗಿಗಳನ್ನು ಕೆಲವರು ದೂರವಿಟ್ಟರೆಂಬ ಆಕ್ಷೇಪವೂ ಬಂತು. ನಮ್ಮ ಆಸ್ಪತ್ರೆಗಳ ಗೋಡೆಯ ಮೇಲೆ ಗಣಪತಿಯ ಪಟವಿರುತ್ತದೆ, ಇಂತಹ ಪಟ್ಟಿಯಿರುವುದಿಲ್ಲ. ಆದರೆ ಬಾಯಿಬಿಟ್ಟು ಕೇಳಬಹುದು: ಇಲ್ಲಿ ವರ್ಷಕ್ಕೆ ಇಂತಹ ಎಷ್ಟು ಶಸ್ತ್ರಕ್ರಿಯೆಗಳಾಗುತ್ತವೆ, ತಾವು ಸ್ವತಃ ಎಷ್ಟು ಮಾಡಿದ್ದೀರಿ, ಇವರ ವಯಸ್ಸು ಮತ್ತು ಕ್ರಿಯಾಟಿನಿನ್ ನೋಡಿದರೆ ಅಪಾಯ ನೂರಕ್ಕೆ ಎಷ್ಟು? ಹೆಚ್ಚು ಮಾಡುವ ಕಡೆ ಸಾಮಾನ್ಯವಾಗಿ ಫಲಿತಾಂಶವೂ ಮೇಲು. ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಕಾಗದಪತ್ರಗಳ ನಕಲು, ಎರಡನೆಯ ಅಭಿಪ್ರಾಯ ಇವು ರೋಗಿಯ ಹಕ್ಕುಗಳೆಂದು ಕೇಂದ್ರ ಸರ್ಕಾರದ ಸನ್ನದು ಹೇಳುತ್ತದೆ; ಮಹಾರಾಷ್ಟ್ರವು 2021ರಲ್ಲಿ ನರ್ಸಿಂಗ್ ಹೋಮ್ ನಿಯಮಗಳಿಗೆ ತಿದ್ದುಪಡಿ ತಂದು ರೋಗಿಯ ಹಕ್ಕುಗಳನ್ನು ಅದರಲ್ಲಿ ಸೇರಿಸಿತು.

ಹಣದ ಮೂಲಗಳನ್ನೂ ಹೇಳಿಬಿಡುತ್ತೇನೆ. 2024ರ ಅಕ್ಟೋಬರಿನಿಂದ 70 ವರ್ಷ ಮೇಲ್ಪಟ್ಟ ಎಲ್ಲರಿಗೂ, ಆದಾಯದ ಮಿತಿಯಿಲ್ಲದೆ, ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ ಕುಟುಂಬವೊಂದಕ್ಕೆ ಐದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಾಗಿದೆ. ಮಹಾರಾಷ್ಟ್ರದ ಮಹಾತ್ಮಾ ಫುಲೆ ಯೋಜನೆ ಬೇರೆಯಿದೆ. ರೈಲ್ವೆ ನಿವೃತ್ತರಿಗೆ ಕಲ್ಯಾಣದ ವಿಭಾಗೀಯ ಆಸ್ಪತ್ರೆ, ಭಾಯಖಳಾದ ದೊಡ್ಡ ಆಸ್ಪತ್ರೆಗಳಿವೆ. ಕಾರ್ಡು ಮಾಡಿಸದೆ ಪೆಟ್ಟಿಗೆಯಲ್ಲಿ ಕಾಗದವಿಟ್ಟುಕೊಂಡಿರುವ ಸಹೋದ್ಯೋಗಿಗಳು ದಯಮಾಡಿ ಈ ವಾರವೇ ಮಾಡಿಸಿ.

ಇನ್ನೊಂದು ಮಾತು, ಇದು ನಮ್ಮ ಮನೆಗಳಿಗೇ ಸಂಬಂಧಿಸಿದ್ದು. ಸ್ಟೆಂಟ್ ಹಾಕಿಸಿಕೊಂಡವರಿಗೆ ಆಸ್ಪಿರಿನ್ ಜೊತೆಗೆ ಕ್ಲೊಪಿಡೊಗ್ರೆಲ್‌ನಂತಹ ಮತ್ತೊಂದು ಮಾತ್ರೆಯನ್ನು ಸಾಮಾನ್ಯವಾಗಿ ಆರು ತಿಂಗಳು, ಹೃದಯಾಘಾತವಾಗಿದ್ದರೆ ಒಂದು ವರ್ಷ ಕೊಡುತ್ತಾರೆ. ಮೊದಲ ತಿಂಗಳುಗಳಲ್ಲಿ ಅದನ್ನು ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಪ್ರಾಣಾಪಾಯವಾಗಬಹುದು. ಏಕಾದಶಿಯೆಂದು, ಹಲ್ಲು ಕೀಳಿಸುವುದೆಂದು, ಯಾತ್ರೆಯೆಂದು ತಾವಾಗಿಯೇ ಬಿಡಬೇಡಿ. ಸಕ್ಕರೆಯ ಮಾತ್ರೆಯ ಕಥೆ ಇದಕ್ಕೆ ವಿರುದ್ಧ; ನಿರಾಹಾರವಿದ್ದು ಅದನ್ನು ಎಂದಿನಂತೆ ತೆಗೆದುಕೊಂಡರೆ ಸಕ್ಕರೆ ಕುಸಿಯಬಹುದು. ಆದ್ದರಿಂದ ಉಪವಾಸದ ದಿನ ಯಾವ ಮಾತ್ರೆ ಎಷ್ಟು ಎಂದು ವೈದ್ಯರಿಂದ ಬರೆಯಿಸಿಕೊಳ್ಳಿ. ರೋಗಿಗೆ ಉಪವಾಸದಲ್ಲಿ ಎಷ್ಟು ವಿನಾಯಿತಿಯೆಂಬುದನ್ನು ಇಲ್ಲಿಯ ಆಚಾರ್ಯರನ್ನೇ ಕೇಳಿ. ಆ ಅಧಿಕಾರ ನನಗಿಲ್ಲ.

ಉಪನ್ಯಾಸ ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ದಾಖಲಿಸುತ್ತೇನೆ. ಒಬ್ಬ ಹಿರಿಯ ತಾಯಿ ಕೇಳಿದರು: ‘ನಮ್ಮ ಯಜಮಾನರಿಗೆ ಎಂಬತ್ತೆರಡು. ಲಿಫ್ಟಿಲ್ಲದ ಕಟ್ಟಡ, ಮೂರನೆಯ ಮಹಡಿ. ಹತ್ತುವಾಗ ಎದೆ ಹಿಡಿಯುತ್ತದೆ, ಕೂತರೆ ಸರಿಹೋಗುತ್ತದೆ. ಬೈಪಾಸ್ ಮಾಡಿಸಬೇಕೆಂದು ಮಕ್ಕಳು ಗೊತ್ತುಮಾಡಿದ್ದಾರೆ. ಏನು ಮಾಡಲಿ?’ ರಿಪೋರ್ಟು ನೋಡದೆ, ನೋಡಿದರೂ, ನಾನು ಉತ್ತರ ಹೇಳತಕ್ಕವನಲ್ಲ. ಎಡ ಮುಖ್ಯ ನಾಳ ಹೇಗಿದೆ, ಪಂಪಿಂಗ್ ಎಷ್ಟು, ಈ ವಯಸ್ಸಿನಲ್ಲಿ ಶಸ್ತ್ರಕ್ರಿಯೆಯ ಅಪಾಯ ಎಷ್ಟು, ಔಷಧವನ್ನು ಪೂರ್ಣ ಪ್ರಮಾಣದಲ್ಲಿ ಕೊಟ್ಟು ನೋಡಿದ್ದಾರೆಯೇ, ಈ ನಾಲ್ಕನ್ನು ಕೇಳಿಕೊಂಡು ಬರಲು ಹೇಳಿದೆ. ಕೆಳಗಿನ ಮನೆಗೆ ಬಾಡಿಗೆಗೆ ಹೋಗುವುದೂ ಒಂದು ಚಿಕಿತ್ಸೆಯಾದೀತೆಂದೆ. ಅನಂತರ ಕೇಳಿದೆ, ‘ಅಮ್ಮಾ, ಯಜಮಾನರು ಏನನ್ನುತ್ತಾರೆ?’

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಅವರನ್ನು ಯಾರೂ ಕೇಳಿಲ್ಲ’ ಎಂದರು. ಮರುದಿನ ಸಂಜೆ ಅವರ ಮನೆಗೆ ಹೋಗುವುದೆಂದು ನಿಶ್ಚಯವಾಯಿತು.

ಶ್ರೀಕೃಷ್ಣಾರ್ಪಣಮಸ್ತು